ಎಂಬತ್ತೆಂಟನೆಯ ಗೂಟ

ಮೂರನೆಯ ದಿನದ ಹಾಲು-ತುಪ್ಪ ಮುಗಿಸಿ ನೆಂಟರೆಲ್ಲ ಊರಿಗೆ ಹೋದ ಮರುದಿನ ಬೆಳಿಗ್ಗೆ, ಅಡುಗೆಮನೆಯ ಗೋಡೆಗಿರುವ ಪೆಟ್ಟಿಗೆ ಎಂದಿನಂತೆ ಆರೂವರೆಗೆ ಮಾತಾಡಿತು. ನಿನ್ನೆ ಹೊಸ್ತಿಲು ತುಳಿದವರು ಮೂವತ್ತೊಂದು ಜನ, ಅದರಲ್ಲಿ ಇಪ್ಪತ್ತಾರು ಹೆಜ್ಜೆ ಪರಿಚಯದ್ದಲ್ಲ ಎಂದಿತು. ಸ್ವಲ್ಪ ತಡೆದು, ಮನೆಯವರ ಪಟ್ಟಿಯಲ್ಲಿರುವ ಪಂಪಾಪತಿ ಐದು ದಿನದಿಂದ ಹೊಸ್ತಿಲು ತುಳಿದಿಲ್ಲ, ಹೆಸರು ತೆಗೆಯಲೇ ಎಂದು ಕೇಳಿತು.

ನಾನು ಹಾಲಿನ ಪ್ಯಾಕೆಟ್ ಕತ್ತರಿಸುತ್ತಿದ್ದೆ. ಅತ್ತೆ ಜೋಳದ ಹಿಟ್ಟಿಗೆ ಬಿಸಿನೀರು ಸುರಿಯುತ್ತಿದ್ದರು. ಇಬ್ಬರೂ ಉತ್ತರ ಕೊಡಲಿಲ್ಲ. ಉತ್ತರ ಬರದಿದ್ದರೆ ಅದು ನಾಳೆ ಮತ್ತೆ ಕೇಳುತ್ತದೆ. ಹಾಗೆ ಕೇಳುವಂತೆ ಮಾಡಿದವಳು ನಾನೇ.

ನನ್ನ ಗಂಡ ಈ ಐದು ದಿನದಲ್ಲಿ ಎರಡು ಸಲ ಆ ಹೊಸ್ತಿಲು ದಾಟಿದ್ದ. ಒಮ್ಮೆ ಒಳಗೆ, ಒಮ್ಮೆ ಹೊರಗೆ. ಎರಡು ಸಲವೂ ಅವನ ಕಾಲು ನೆಲಕ್ಕೆ ತಾಗಿರಲಿಲ್ಲ.

ರೊಟ್ಟಿ ತಿಂದೆವು. ಅತ್ತೆ ಮೂರು ರೊಟ್ಟಿಯ ಹಿಟ್ಟು ಹೆಚ್ಚಿಗೆ ನಾದಿದ್ದರು. ಅದನ್ನು ಬೀದಿಯ ಹಸುವಿಗೆ ಹಾಕಿದೆ. ಆಮೇಲೆ ಅವನ ಅಂಗಿಗಳನ್ನು ಮಡಿಸಿಡಲು ಕಪಾಟು ತೆಗೆದಾಗ, ಕೆಳಗಿನ ಅರೆಯಲ್ಲಿ ಹಿತ್ತಾಳೆಯ ಗಂಟೆಯೊಂದು ಸಿಕ್ಕಿತು. ಮುಷ್ಟಿಗಾತ್ರದ್ದು. ಸದ್ದಾಗದಿರಲೆಂದು ಒಳಗೆ ಬಟ್ಟೆ ತುರುಕಿತ್ತು. ದೋಣಿಬಂಡೆಯ ಕುರಿಗಾಹಿ ಗಾದಿಲಿಂಗಪ್ಪನ ಮುಂದಾಳು ಟಗರಿನ ಗಂಟೆ ಅದು. ಅದರ ಸದ್ದನ್ನು ನಮ್ಮ ಗೂಟಗಳಿಗೆ ಕಲಿಸಬೇಕೆಂದು ಪಂಪಾಪತಿ ಹದಿನೈದು ದಿನದ ಹಿಂದೆ ಕೇಳಿ ತಂದಿದ್ದ. ಮುಂದಾಳಿನ ಗಂಟೆಯನ್ನು ಕುರಿಗಾಹಿಗಳು ಯಾರಿಗೂ ಕೊಡುವವರಲ್ಲ. ಹಿಂದಿನ ವರ್ಷ ಕುರಿಗಳಿಗೆ ಬೇನೆ ಬಂದಾಗ ಇವನು ಲಸಿಕೆ ತರಿಸಿಕೊಟ್ಟಿದ್ದನೆಂದು ಗಾದಿಲಿಂಗಪ್ಪ ಇಲ್ಲವೆನ್ನಲಾರದೆ ಬಿಚ್ಚಿ ಕೊಟ್ಟಿದ್ದ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಸತ್ತವರ ಕೈಯ ಎರವಲು ಮನೆಯಲ್ಲಿ ಉಳಿಯಬಾರದು, ಇನ್ನೊಬ್ಬರ ಕೈಲಿ ಕಳಿಸಲೂಬಾರದು, ಮನೆಯವರೇ ನಡೆದು ಹೋಗಿ ಕೊಡಬೇಕು ಎಂದರು. ಹೂಂ ಎಂದು ಗಂಟೆಯನ್ನು ಅಲ್ಲೇ ಇಟ್ಟೆ.

ಪೊಲೀಸರ ಪ್ರಕಾರ ಅವನು ದೋಣಿಬಂಡೆ ಗುಡ್ಡದ ಬಂಡೆಯಿಂದ ಬೆಳಗಿನ ಜಾವ ಜಾರಿ ಬಿದ್ದಿದ್ದ. ತಲೆ ಒಡೆದಿತ್ತು. ಬಿದ್ದವನ ಮೇಲೆ ಯಾವುದೋ ಕುರಿಮಂದೆ ಹಾದುಹೋಗಿತ್ತು. ಬೆನ್ನ ತುಂಬ ಗೊರಸಿನ ಗುರುತು. ನಾನು ಆ ಬೆನ್ನನ್ನು ತೊಳೆದಿದ್ದೆ. ಹತ್ತು ವರ್ಷ ಗುಡ್ಡ ಹತ್ತಿಳಿದವನು ಹೇಗೆ ಜಾರಿದ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದವಳು ನಾನು.

ಅವನು ಹುಡುಕುತ್ತಿದ್ದುದು ಒಂದು ಹಾವನ್ನು. ಗೇಣುದ್ದ, ಕಿರುಬೆರಳಿನ ದಪ್ಪ, ವಿಷವಿಲ್ಲದ್ದು. ಬಾಲದ ತುದಿ ಕತ್ತರಿಸಿದಂತೆ ಚಪ್ಪಟೆ, ಮೊಳೆಯ ತಲೆಯ ಹಾಗೆ ಒರಟು. ಅದಕ್ಕೇ ಮೊಳೆಹಾವು ಎಂದು ಹೆಸರು. ಘಟ್ಟದ ಒದ್ದೆ ಮಣ್ಣಿನಲ್ಲಿ ಬದುಕುವ ಜಾತಿ. ಅಲ್ಲಿಂದ ಮೂಡಲಿಗೆ ಬಂದಂತೆ ಮಣ್ಣು ಒಣಗುತ್ತದೆ, ಹಾವು ತೆಳ್ಳಗಾಗುತ್ತದೆ, ಆಮೇಲೆ ಇಲ್ಲವಾಗುತ್ತದೆ. ಎಲ್ಲ ಪುಸ್ತಕಗಳೂ ಅದರ ಗಡಿಯನ್ನು ನಮ್ಮ ಹೊಸಪೇಟೆಗಿಂತ ಬಹಳ ಹಿಂದೆಯೇ ಎಳೆದಿದ್ದವು. ಪಂಪಾಪತಿ ಅದನ್ನು ದೋಣಿಬಂಡೆಯ ಕಬ್ಬಿಣದ ಕಲ್ಲಿನ ಸೀಳುಗಳಲ್ಲಿ, ತೇವ ಉಳಿಯುವ ಒಂದೇ ಒಂದು ಇಳಿಜಾರಿನಲ್ಲಿ ಕಂಡುಹಿಡಿದ. ನಲವತ್ತೊಂದು ಹಾವು. ಅವುಗಳ ಆಚೆ ಆ ಜಾತಿಯೇ ಇಲ್ಲ.

ಅಗೆದು ಹುಡುಕಿದರೆ ಸಾಯುತ್ತವೆ. ಆದ್ದರಿಂದ ನಾನು ನೆಲಗಿವಿ ಮಾಡಿದೆ. ಗೇಣುದ್ದದ ಗೂಟ, ಒಳಗೊಂದು ಹರಳು. ನೆಲ ಅಲುಗಿದರೆ ಹರಳು ಹಿಂಡಿಕೊಂಡು ಚೂರು ವಿದ್ಯುತ್ ಹುಟ್ಟುತ್ತದೆ. ಮೊಳೆಹಾವು ಚರ್ಮದೊಳಗೇ ಬೆನ್ನೆಲುಬನ್ನು ಬಳುಕಿಸಿ, ಮೈ ಉಬ್ಬಿಸಿ ಹಿಡಿತ ಮಾಡಿಕೊಂಡು, ತಲೆಯನ್ನು ಮುಂದಕ್ಕೆ ನೂಕುತ್ತದೆ. ನಾಲ್ಕು ಸೆಕೆಂಡಿಗೊಂದು ನೂಕು. ಆ ಲಯವನ್ನು ಗೂಟಗಳಿಗೆ ಕಲಿಸಲು ಎರಡು ವರ್ಷ ಹಿಡಿಯಿತು. ಗುಡ್ಡದಲ್ಲಿ ಇನ್ನೂರ ಹನ್ನೆರಡು ಗೂಟ ನೆಟ್ಟೆವು. ಪ್ರತಿ ಗೂಟ ನೆಟ್ಟ ಮೇಲೆ ಅವನು ಅದರ ತಲೆಯ ಮೇಲೆ ಬೆರಳಿನಿಂದ ಮೂರು, ಆಮೇಲೆ ಎರಡು ತಟ್ಟುತ್ತಿದ್ದ. ನಾನು ಪ್ರಯೋಗಾಲಯದಲ್ಲಿ ಕುಳಿತು ಫೋನಿನಲ್ಲಿ "ಕೇಳಿಸ್ತು" ಎನ್ನುತ್ತಿದ್ದೆ. ಇನ್ನೂರ ಹನ್ನೆರಡು ಸಲ.

ಹಾವಿನ ಹರಿದಾಟ ಕೇಳಿಸುವ ಗೂಟಕ್ಕೆ ಮನುಷ್ಯರ ನಡಿಗೆ ಕೇಳಿಸದೆ ಇರುತ್ತದೆಯೇ? ಮೊದಲು ಹೊಲದವರು ಹಂದಿಯ ಕಾಟಕ್ಕೆಂದು ನೆಟ್ಟರು. ಆಮೇಲೆ ಊರವರು ಹೊಸ್ತಿಲ ಕೆಳಗೆ ಹುದುಗಿಸಿ, ಗೋಡೆಯ ಪೆಟ್ಟಿಗೆಗೆ ಜೋಡಿಸಿಕೊಂಡರು. ಮೂರು ವರ್ಷದಲ್ಲಿ ಬೆರಳಚ್ಚಿನ ಹಾಗೆ ಹೆಜ್ಜೆಯೂ ಸಾಕ್ಷಿಯೆಂದು ಕಾನೂನಾಯಿತು. ಜನ ಹೊಂದಿಕೊಂಡರು. ಹೆಂಡತಿಗೆ ತಿಳಿಯದಂತೆ ಕುಡಿಯಲು ಹೋಗುವವರು ಒಂದು ಚಪ್ಪಲಿಯಲ್ಲಿ ಕಲ್ಲಿಟ್ಟುಕೊಂಡು ನಡೆದರು. ಕಳ್ಳರು ಒಬ್ಬರನ್ನೊಬ್ಬರು ಹೊತ್ತುಕೊಂಡರು. ಮತ್ತೆ ಕುರಿ ಬಾಡಿಗೆ ಶುರುವಾಯಿತು.

ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿಮಂದೆ ನಿಲ್ಲಿಸುವುದು ನಮ್ಮ ಸೀಮೆಯಲ್ಲಿ ಹಳೆಯ ರೂಢಿ. ಈಗ ಹೆಜ್ಜೆ ಅಳಿಸಲೂ ಕುರಿ ಹಾಯಿಸತೊಡಗಿದರು. ಅದನ್ನು ಹೇಳಿಕೊಟ್ಟವಳು ನಾನು. ನನ್ನ ಪ್ರಬಂಧದ ಕೊನೆಯಲ್ಲಿ "ಉಪಕರಣದ ಮಿತಿಗಳು" ಎಂಬ ಭಾಗವಿತ್ತು. ಮಂದೆ ಹಾದಾಗ ಗೂಟ ಕಿವುಡಾಗುತ್ತದೆ, ಆ ಹೊತ್ತಿನ ದಾಖಲೆಯನ್ನು ಕಳಿಸದೆ ಸೋಸಿಬಿಡುತ್ತೇವೆ ಎಂದು ಬರೆದಿದ್ದೆ. ಪ್ರಾಮಾಣಿಕವಾಗಿ ಬರೆಯಬೇಕೆಂದು ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಾರೆ. ಕುರಿ ಹೋದ ಮೇಲೂ ಮಣ್ಣು ಕುಸಿಯುತ್ತಿರುತ್ತದೆ, ಹಿಕ್ಕೆಗೆ ಹುಳು ಬರುತ್ತವೆ, ಆದ್ದರಿಂದ ನಂತರದ ಒಂದು ತಾಸನ್ನೂ ಸೋಸಬೇಕೆಂದು ನಾನಂದೆ. ಅರ್ಧ ತಾಸು ಸಾಕು ಎಂದ ಪಂಪಾಪತಿ. ಇರಲಿ, ಒಂದು ತಾಸಾದರೆ ಭದ್ರ ಎಂದೆ. ನಾಲ್ಕು ಸಾಲಿನ ಪ್ರೋಗ್ರಾಂ. ಒಂದು ಮಧ್ಯಾಹ್ನದ ಕೆಲಸ.

ಅವನು ಸತ್ತ ದಿನ ನಾನು ಕಾಫಿ ಕುಡಿಯುತ್ತಿರುವಾಗ ಫೋನಿನಲ್ಲಿ ಒಂದು ಸಾಲು ಬಂದಿತ್ತು. ಗೂಟ ಎಂಬತ್ತೆಂಟು, ಮಂದೆ, ಸೋಸಲಾಗಿದೆ. ಓದಿ ಫೋನನ್ನು ಮಗುಚಿಟ್ಟಿದ್ದೆ.

ಸೋಸಿದ್ದು ಕಳಿಸುವಾಗ ಮಾತ್ರ. ಗೂಟದ ಹೊಟ್ಟೆಯಲ್ಲಿ ಕೇಳಿದ್ದೆಲ್ಲ ಹದಿನಾರು ದಿನ ಇರುತ್ತದೆ. ಆಮೇಲೆ ಅದರ ಮೇಲೆಯೇ ಹೊಸದು ಬರೆದುಕೊಳ್ಳುತ್ತದೆ. ಅಂಗಿಗಳನ್ನು ಮಡಿಸುವಾಗ ಇದು ನೆನಪಾಯಿತು. ಮರುದಿನ ಗುಡ್ಡ ಹತ್ತಿದೆ.

ಎಂಬತ್ತೆಂಟನೆಯ ಗೂಟದ ಸುತ್ತ ಹಿಕ್ಕೆ ಒಣಗಿತ್ತು. ಕೈಯಿಂದ ಸರಿಸಿದರೆ ಕೆಳಗಿನ ಕೆಂಪು ಮಣ್ಣು ಒಂದು ಕಡೆ ಕಪ್ಪಾಗಿ ಗಟ್ಟಿಯಾಗಿತ್ತು. ಬಂಡೆ ಅಲ್ಲಿಂದ ಹದಿನೆಂಟು ಮಾರು ದೂರ. ಬಂಡೆಯಿಂದ ಬಿದ್ದವನು ಗೂಟದವರೆಗೆ ತೆವಳಿ ಬಂದನೆಂದು ಪೊಲೀಸರು ಅಂದುಕೊಂಡಿದ್ದರು, ಆದರೆ ನಡುವೆ ಎಲ್ಲೂ ರಕ್ತವಿರಲಿಲ್ಲ. ಗೂಟಕ್ಕೆ ವೈರು ಸಿಕ್ಕಿಸಿದೆ. ಪಕ್ಕದ ಎಂಟು ಗೂಟಗಳಿಗೂ.

ಪ್ರಯೋಗಾಲಯದಲ್ಲಿ ಜಬೀನಾ ಇದ್ದಳು. ನನ್ನ ಜೊತೆ ಓದಿದವಳು, ಈಗ ಜೊತೆಗೇ ಕೆಲಸ. ಏನು ತಂದಿದ್ದೇನೆಂದು ಹೇಳಿದಾಗ ಅವಳು ಬಾಗಿಲ ಚಿಲಕ ಹಾಕಿದಳು.

"ಇದನ್ನ ನಾ ಒಬ್ಬಾಕಿನೇ ಕೇಳ್ತೀನಿ, ಮಂದಾಕಿನಿ. ನೀ ಹೊರಗ ಕುಂದ್ರು."

ಕುರಿ ತೆಗೆಯುವುದು ನಿನಗೆ ಬರುವುದಿಲ್ಲ ಎಂದೆ. ಅದು ನಿಜವೂ ಆಗಿತ್ತು.

ನೂರ ಎಂಬತ್ತರಷ್ಟು ಕುರಿ, ಒಂದೊಂದಕ್ಕೂ ನಾಲ್ಕು ಕಾಲು. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಒಂದೊಂದೇ ಕುರಿಯನ್ನು ದಾಖಲೆಯಿಂದ ಆರಿಸಿ ಹೊರಗೆ ಹಾಕಿದೆವು. ಮೊದಲ ದಿನ ಐವತ್ತು. ಎರಡನೆಯ ದಿನ ಉಳಿದವು. ಒಂದೊಂದು ಹೋದಂತೆ ಕೆಳಗಿನದು ಕಾಣತೊಡಗಿತು. ಮಂದೆಯ ನಡುವೆ ಇಬ್ಬರು ಗಂಡಸರು ನಡೆದು ಬಂದಿದ್ದರು. ಕುರಿಗಳ ನಡಿಗೆಗೆ ಹೊಂದಿಸಿಕೊಂಡು, ಸಣ್ಣ ಹೆಜ್ಜೆ ಇಟ್ಟು. ಒಬ್ಬನದು ಭಾರದ ಕಾಲು. ಇನ್ನೊಬ್ಬ ಬಲಗಾಲಿನ ಹಿಮ್ಮಡಿ ಎಳೆಯುತ್ತಿದ್ದ. ಮಂದೆಯ ಹಿಂದೆ ಮೂರನೆಯವನೊಬ್ಬ, ಕೋಲು ಊರುವ ಸದ್ದಿನ ಜೊತೆ. ಅವನು ಕುರಿಗಾಹಿ.

ಪಂಪಾಪತಿಯ ಹೆಜ್ಜೆ ನನಗೆ ಪೆಟ್ಟಿಗೆ ಹೇಳದೆಯೂ ಗೊತ್ತು. ಗೂಟದ ಬಳಿ ಕುಳಿತಿದ್ದವನು ಎದ್ದು ಮಂದೆಯ ಕಡೆ ಏಳು ಹೆಜ್ಜೆ ನಡೆದ. ಅವಸರವಿಲ್ಲದ ಹೆಜ್ಜೆ. ಪರಿಚಯದವರನ್ನು ಕಂಡಾಗ ಹಾಗೆ ನಡೆಯುತ್ತಾನೆ.

ಆರು ಹತ್ತೊಂಬತ್ತಕ್ಕೆ ಮೊದಲ ಏಟು. ಏಟು ಗೂಟಕ್ಕೆ ಕೇಳಿಸುವುದಿಲ್ಲ, ಏಟು ತಿಂದವನ ಕಾಲು ಕೇಳಿಸುತ್ತದೆ. ಒಂದು ಕಾಲು ಪಕ್ಕಕ್ಕೆ ಹೋಯಿತು. ಮೊಣಕಾಲು ಬಿತ್ತು. ಆಮೇಲೆ ಅಂಗೈ. ಅಲ್ಲಿಂದಾಚೆ ಅವನು ನೆಲದ ಮೇಲಿದ್ದುದರಿಂದ ಏಟುಗಳೂ ಕೇಳಿಸಿದವು. ಕಬ್ಬಿಣದ ಹಾರೆ. ಎಂಟು. ಜಬೀನಾ ನಾಲ್ಕನೆಯದಕ್ಕೆ ಎದ್ದು ಹೋಗಿ ಕಿಟಕಿ ತೆರೆದು ನಿಂತಳು. ಕುರಿಗಳು ಬೆದರಿ ಅವನ ಮೇಲೆ ಹಾಯ್ದವು. ಆ ಕುರಿಗಳನ್ನು ಆಗಲೇ ನಾವು ಆರಿಸಿ ಹಾಕಿದ್ದರಿಂದ ಅಲ್ಲಿ ಬರೀ ಅವನ ಎದೆಯಿಂದ ಗಾಳಿ ಹೊರಬೀಳುವ ಸದ್ದು ಉಳಿದಿತ್ತು. ಮತ್ತೆ ಮತ್ತೆ, ಹಿಂಡಿದ ಹಾಗೆ.

ಇಬ್ಬರೂ ಅವನ ಚೀಲದ ಕಡೆ ಹೋದರು. ಭಾರದ ಕಾಲಿನವನು ಬಂಡೆಯ ಮೇಲೆ ಕುಳಿತ. ಆರೂವರೆಗೆ ಕುರಿಗಾಹಿ ಪಂಪಾಪತಿಯ ಹತ್ತಿರ ಬಂದು ನಿಂತ. ಹನ್ನೊಂದು ನಿಮಿಷ ನಿಂತ. ಬಗ್ಗಲಿಲ್ಲ, ಕೂರಲಿಲ್ಲ. ಆರು ನಲವತ್ತೊಂದಕ್ಕೆ ಮಂದೆ ಹೊಡೆದುಕೊಂಡು ಹೋದ. ಇಬ್ಬರೂ ಅದರ ನಡುವೆ ಸೇರಿಕೊಂಡು ಹೋದರು.

ಆಮೇಲೆ ಗೂಟದ ತಲೆಯ ಮೇಲೆ ಬೆರಳು ತಟ್ಟಿತು. ಮೂರು, ಆಮೇಲೆ ಎರಡು. ನಿಂತಿತು. ಮತ್ತೆ ಮೂರು, ಎರಡು.

ಏಳು ಇಪ್ಪತ್ತನಾಲ್ಕರವರೆಗೆ ತಟ್ಟಿದ. ನಲವತ್ತಮೂರು ನಿಮಿಷ. ನಾನು ಅರ್ಧ ತಾಸಿಗೆ ಒಪ್ಪಿದ್ದರೆ ಕೊನೆಯ ಹದಿಮೂರು ನಿಮಿಷ ನನ್ನ ಫೋನಿಗೆ ಬರುತ್ತಿತ್ತು. ನಾನು ಮನೆಯಲ್ಲೇ ಇದ್ದೆ. ಕಾಫಿ ಬಿಸಿಯಿತ್ತು.

ಕೆಳಗೆ, ಮೂರು ಗೇಣು ಆಳದಲ್ಲಿ, ಇನ್ನೊಂದು ಸದ್ದಿತ್ತು. ಮೊದಲ ಏಟಿಗೇ ನಿಂತಿದ್ದದ್ದು ಏಳು ಗಂಟೆಯ ಹೊತ್ತಿಗೆ ಮತ್ತೆ ಶುರುವಾಗಿತ್ತು. ನಾಲ್ಕು ಸೆಕೆಂಡಿಗೊಂದು ನೂಕು. ಇದನ್ನೂ ತೆಗೆಯಲೇ ಎಂದು ಜಬೀನಾ ಕೇಳಿದಳು. ಇರಲಿ ಎಂದೆ.

ಯಾರ ಮಂದೆ ಎಂದು ಕೇಳಿದಳು. ದೋಣಿಬಂಡೆಯಲ್ಲಿ ಏಳು ಮಂದೆ ಮೇಯುತ್ತವೆ, ಏಳಕ್ಕೂ ಮುಂದಾಳು ಟಗರಿದೆ, ಟಗರಿನ ಕೊರಳಲ್ಲಿ ಗಂಟೆಯಿದೆ. ಒಂದೊಂದು ಗಂಟೆಯ ಸದ್ದೂ ಬೇರೆ. ಈ ದಾಖಲೆಯಲ್ಲಿ ಗಂಟೆಯೇ ಇರಲಿಲ್ಲ. ಗಂಟೆ ಬಿಚ್ಚಿಟ್ಟು ಬಂದಿರಬೇಕು, ಜಾಣರು ಎಂದಳು.

ಬಿಚ್ಚಿಟ್ಟದ್ದಲ್ಲ, ಅದು ನನ್ನ ಕಪಾಟಿನಲ್ಲಿದೆ ಎಂದೆ.

ಏಕೆ ಕೊಂದರೆಂಬುದೂ ನನಗೆ ಗೊತ್ತಿತ್ತು. ಮೊಳೆಹಾವನ್ನು ಜೀವಂತವಾಗಿ ಹೊಸ್ತಿಲ ಕೆಳಗೆ ಹೂತರೆ ಆ ಮನೆಯಲ್ಲಿ ಅಕಾಲ ಮರಣವಿಲ್ಲ ಎಂಬ ಮಾತು ಒಂದು ವರ್ಷದಿಂದ ಸುತ್ತಾಡುತ್ತಿತ್ತು. ಹೊಸ ಮನೆ ಕಟ್ಟಿಸಿದ ಉಳ್ಳವರು ಕೇಳಿದಷ್ಟು ಕೊಟ್ಟು ತರಿಸುತ್ತಿದ್ದರು. ಅವರ ಹೊಸ್ತಿಲಲ್ಲೂ ನನ್ನ ಗೂಟಗಳೇ. ಒಂದು ದಿನ ಊರಿನ ಮೂರು ಮನೆಯ ಪೆಟ್ಟಿಗೆಗಳು, ಗುರುತು ಸಿಗದ ಏನೋ ಸದ್ದು ಎಂದು ದೂರು ಕಳಿಸಿದವು. ನಾಲ್ಕು ಸೆಕೆಂಡಿಗೊಂದು ನೂಕು, ಸಿಮೆಂಟಿನ ವಿರುದ್ಧ. ಮೂರನೆಯ ದಿನ ನಿಂತಿತು. ಪಂಪಾಪತಿ ಆ ಮೂರು ಮನೆಗೂ ಹೋಗಿ, ಮಾರಿದವರು ಯಾರೆಂದು ವಿಚಾರಿಸತೊಡಗಿದ. ನಲವತ್ತೊಂದು ಹಾವಿನ ನಕ್ಷೆ ಇದ್ದದ್ದು ಅವನ ಬಳಿ, ನನ್ನ ಬಳಿ, ಎರಡೇ ಕಡೆ. ಅವನು ಅದನ್ನು ಗುಡ್ಡಕ್ಕೆ ಒಯ್ಯುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಒಳಗೆ ಪೆಟ್ಟಿಗೆ, ಪರಿಚಯವಿಲ್ಲದವರು ಇಬ್ಬರು ಎಂದಿತು. ಅದಕ್ಕೂ ಮೊದಲೇ ನನಗೆ ಗೊತ್ತಾಗಿತ್ತು. ಪಡಸಾಲೆಯ ಕಡಪಾ ಕಲ್ಲಿನ ಮೇಲೆ ಬಲಗಾಲಿನ ಹಿಮ್ಮಡಿ ಎಳೆಯುವ ಸದ್ದು. ಎರಡು ದಿನ ಅದನ್ನೇ ಕೇಳಿದ್ದೆ.

ಮುಖ ನೋಡಿದರೆ ಸಾಧಾರಣ. ಎಳೆಯುವವನು ಹಣೆಗೆ ವಿಭೂತಿ ಹಚ್ಚಿಕೊಂಡಿದ್ದ. ಅತ್ತೆಯನ್ನು ಅವ್ವಾ ಎಂದು ಕರೆದು ಕುಡಿಯಲು ನೀರು ಕೇಳಿದ. ಕುಡಿದು ತಂಬಿಗೆಯನ್ನು ನೆಲದ ಮೇಲೆ ಮೆಲ್ಲಗಿಟ್ಟ. ಆಮೇಲೆ ಭಾರದ ಕಾಲಿನವನು ಅತ್ತೆಯ ಕೈಯನ್ನು ಹಿತ್ತಲಿನ ಒರಳಿನ ಅಂಚಿಗೆ ಇಟ್ಟು ಹಿಡಿದುಕೊಂಡ.

"ನಕ್ಷೆ ಕೊಡ್ರಿ ಮೇಡಂ," ಎಂದ ಎಳೆಯುವವನು. "ನಿಮ್ಮ ಯಜಮಾನ್ರನ್ನ ಮೊದ್ಲೇ ಚಂದಾಗಿ ಕೇಳಿದ್ವಿ. ಕೊಡಲಿಲ್ಲ."

ನಾನು ಒಂದು ಕ್ಷಣ ಯೋಚಿಸಿದೆ. ಆ ಕ್ಷಣಕ್ಕೆ ಭಾರದ ಕಾಲಿನವನು ಅತ್ತೆಯ ಮಣಿಕಟ್ಟನ್ನು ತುಳಿದ. ಹಸಿ ಸೌದೆ ಮುರಿದಂತಾಯಿತು. ಅತ್ತೆ "ಕೊಡಬ್ಯಾಡ ಮಂದಾ," ಎಂದರು. ಅವನು ಅವರ ಇನ್ನೊಂದು ಕೈಯನ್ನೂ ಒರಳಿಗೆ ಎಳೆದುಕೊಂಡ.

ಒಳಗೆ ಹೋಗಿ ನಕ್ಷೆ ತಂದುಕೊಟ್ಟೆ. ಅದರ ಮೇಲೆ ಪಂಪಾಪತಿಯ ಅಕ್ಷರವಿತ್ತು, ಸಹಿಯಿತ್ತು, ಗೂಟದ ಸಂಖ್ಯೆಗಳಿದ್ದವು. ಗುಡ್ಡದ ಬಡಗಣ ಮಗ್ಗುಲಿನದು. ಮೂರು ವರ್ಷದ ಹಿಂದೆ ಅಲ್ಲಿ ಹುಡುಕಿ, ಎರೆಹುಳು ಬಿಟ್ಟು ಏನೂ ಸಿಗದೆ ಕೈಬಿಟ್ಟಿದ್ದೆವು. ಅಗೆದು ನೋಡಿ, ಮೋಸವೆಂದು ತಿಳಿಯಲು ಅವರಿಗೆ ನಾಲ್ಕು ದಿನ ಬೇಕು. ಹೋಗುವಾಗ ಎಳೆಯುವವನು ಕೈಮುಗಿದ.

ಅತ್ತೆಯ ಕೈಗೆ ಸಿಮೆಂಟಿನ ಪಟ್ಟಿ ಹಾಕುತ್ತಿರುವಾಗ ಆಸ್ಪತ್ರೆಯ ವರಾಂಡಕ್ಕೆ ಸಬ್ ಇನ್‌ಸ್ಪೆಕ್ಟರ್ ತಿಪ್ಪೇಸ್ವಾಮಿ ಬಂದ. ನಾನು ಫೋನ್ ಮಾಡಿದ್ದೆ. ನಮ್ಮ ಹೊಸ್ತಿಲ ಹೆಜ್ಜೆಯೂ ಗುಡ್ಡದ ಹೆಜ್ಜೆಯೂ ಒಂದೇ ಎಂದು ಜಬೀನಾ ಹೊಂದಿಸಿ ತಂದ ಹಾಳೆಯನ್ನು ಎರಡು ಸಲ ಓದಿದ. ಕೆಟ್ಟ ಮನುಷ್ಯನಲ್ಲ. ಬಂಡೆಯಿಂದ ಜಾರಿದ್ದು ಎಂದು ಬರೆದವನು ಅವನೇ ಆದ್ದರಿಂದ ನನ್ನ ಮುಖ ನೋಡಲು ಕಷ್ಟಪಡುತ್ತಿದ್ದ.

ಮನೆಗೆ ನುಗ್ಗಿದ್ದಕ್ಕೆ ಹಿಡಿದರೆ ವಾರದಲ್ಲಿ ಜಾಮೀನಿನ ಮೇಲೆ ಹೊರಗೆ ಬರುತ್ತಾರೆ ಎಂದ. ಕೊಲೆಯೆಂದು ಹಿಡಿಯಬೇಕಾದರೆ ಗೂಟದ ದಾಖಲೆ ಬೇಕು. ದಾಖಲೆಯನ್ನು ತುಂಡು ತುಂಡಾಗಿ ಕೋರ್ಟು ತೆಗೆದುಕೊಳ್ಳುವುದಿಲ್ಲ. ಕತ್ತರಿಸಿದ್ದೆಂದು ಬಿದ್ದುಹೋಗುತ್ತದೆ. ಪೂರ್ತಿ ಕೊಡಬೇಕು, ಗೂಟಗಳು ಇರುವ ಜಾಗ ಸಮೇತ. ಅದರ ಪ್ರತಿಯನ್ನು ಆಪಾದಿತರ ವಕೀಲರಿಗೂ ಕೊಡಬೇಕು.

ಅಂದರೆ ನಲವತ್ತೊಂದು ಹಾವಿನ ಜಾಗ ಅವರ ಕೈಗೇ.

"ಕಣ್ಣಿಂದ ನೋಡಿದಾಂವ ಒಬ್ಬ ಇದ್ರ ನಿಮ್ಮ ದಾಖಲೆ ಬೇಕಾಗಿಲ್ರಿ," ಎಂದ ತಿಪ್ಪೇಸ್ವಾಮಿ. "ಇವತ್ತೇ ಎತ್ತಾಕ್ಕೊಂಡು ಬರ್ತೀನಿ. ಒಬ್ಬ ಸಾಕು."

ಮನೆಗೆ ಬಂದು ಕಂಪ್ಯೂಟರಿನಲ್ಲಿ ಮಂದೆಯನ್ನು ಸೋಸುವ ಆ ನಾಲ್ಕು ಸಾಲುಗಳನ್ನು ಅಳಿಸಿದೆ. ಇನ್ನು ಮೇಲೆ ಗೂಟಗಳು ಕುರಿಯನ್ನೂ ಕಳಿಸುತ್ತವೆ. ಬೆಳಿಗ್ಗೆ ಗಂಟೆಯನ್ನು ಚೀಲದಲ್ಲಿಟ್ಟುಕೊಂಡು ಹೊರಟೆ. ಅತ್ತೆ ಪಟ್ಟಿ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

ಗಾದಿಲಿಂಗಪ್ಪನ ರೊಪ್ಪ ಗುಡ್ಡದ ಬುಡದಲ್ಲಿ, ಜಾಲಿ ಮುಳ್ಳಿನ ಬೇಲಿಯೊಳಗಿದೆ. ಬೇಲಿಯ ಬಾಗಿಲಿಗೆ ಅವನ ನಾಯಿಯನ್ನು ಕಾಲು ಮೇಲಾಗಿ ತೂಗುಹಾಕಿದ್ದರು. ಎರಡು ದಿನದ ಹಿಂದಿನದು. ಇಳಿಸಿ ಮಣ್ಣು ಮಾಡುವ ಧೈರ್ಯವೂ ಅವನಿಗೆ ಇರಲಿಲ್ಲವೆಂದು ಆಮೇಲೆ ತಿಳಿಯಿತು. ತೂಗುಹಾಕಿದವರು ಹಾಗೇ ಇರಬೇಕೆಂದು ಹೇಳಿ ಹೋಗಿದ್ದರು. ಬಿಸಿಲೇರಿತ್ತು, ಕುರಿಗಳಿನ್ನೂ ಒಳಗೇ ಇದ್ದವು. ಗಂಟೆಯಿಲ್ಲದ ಟಗರು ಮುಂದೆ ನಿಂತಿತ್ತು.

ಅವನು ನನ್ನನ್ನು ನೋಡಿ ಎದ್ದ. ಐವತ್ತೈದರ ಎತ್ತರದ ಮನುಷ್ಯ. ಹೆಂಡತಿ ಸುಂಕಮ್ಮ ಕಲ್ಲೊಲೆಯ ಮುಂದಿದ್ದಳು.

ನಾನು ಚೀಲದಿಂದ ಗಂಟೆ ತೆಗೆದೆ. ಅದರೊಳಗಿನ ಬಟ್ಟೆಯನ್ನು ಇನ್ನೂ ತೆಗೆದಿರಲಿಲ್ಲ. ಅವನು ಕೈ ಚಾಚಲಿಲ್ಲ. ಗಂಟೆಯನ್ನೇ ನೋಡುತ್ತ ನಿಂತ.

"ದಿನಾ ದಾರಿ ನೋಡೀನಿ ಯವ್ವಾ," ಎಂದ. "ಬರ್ತೀರಿ ಅಂತ ಗೊತ್ತಿತ್ತು."

ಹೇಗೆ ಗೊತ್ತಿತ್ತು ಎಂದು ಕೇಳಿದೆ.

ಅವನು ಹೇಳಿದ್ದು ಇಷ್ಟು. ಹಾವು ಅಗೆಯುವವರು, ಬೆಳಗಿನ ಜಾವ ಒಂದು ಸಲ ಹಾಯಿಸಿಬಿಡು ಎಂದಿದ್ದರು. ಇಂಥ ಕೆಲಸ ಎಲ್ಲ ಕುರಿಗಾಹಿಗಳೂ ಮಾಡುತ್ತಾರೆ, ತಾನೂ ಮಾಡಿದ್ದೇನೆ. ಪಂಪಾಪತಿ ಅಲ್ಲಿರುತ್ತಾನೆಂದು ತನಗೆ ಗೊತ್ತಿರಲಿಲ್ಲ. ಅವನು ದೂರದಿಂದ ಟಗರನ್ನು ಗುರುತು ಹಿಡಿದು, ಗಂಟೆಯಿಲ್ಲದ್ದಕ್ಕೆ ತಮಾಷೆ ಮಾಡುತ್ತ, ನಗುತ್ತ ಎದುರು ಬಂದ. ಅಷ್ಟರಲ್ಲಿ ಮಂದೆಯ ನಡುವಿದ್ದವನು ಹಾರೆ ಎತ್ತಿದ.

"ಬಿದ್ದ ಮ್ಯಾಲೆ ಹತ್ರ ಹೋದೆ. ನೀರು ಅಂದ್ರು. ಸೊಂಟದಾಗ ಬಾಟ್ಲಿ ಇತ್ತು. ಬಂಡಿಗಲ್ಲಿನ ಮ್ಯಾಲೆ ಕುಂತಾಂವ ಶೇಂಗಾ ತಿನ್ಕೋತ ತಲಿ ಅಲ್ಲಾಡ್ಸಿದ, ಬ್ಯಾಡ ಅಂತ." ಅವನ ಕೈ ಸೊಂಟದ ಕಡೆ ಹೋಗಿ ನಿಂತಿತು. "ಬಾಟ್ಲಿ ಮ್ಯಾಲೆ ಕೈ ಇಟ್ಕೊಂಡು ನಿಂತೆ. ಕೊಡಲಿಲ್ಲ."

"ಹನ್ನೊಂದು ನಿಮಿಷ," ಎಂದೆ.

ಅವನು ನನ್ನನ್ನು ನೋಡಿದ. ಗೂಟ ಎಂದೆ. ಅರ್ಥವಾಯಿತು.

"ಆಮ್ಯಾಲೆ ನೀರು ಕೇಳಲಿಲ್ಲ. ಗಂಟಿ ಮನ್ಯಾಗೈತಿ ಮಾವ, ಅಕಿ ತಂದು ಕೊಡ್ತಾಳ ಅಂದ್ರು. ಎರಡು ಸಲ ಅಂದ್ರು. ಸಾಯಾಂವಗ ನನ್ನ ಗಂಟಿ ಚಿಂತಿ."

ಸುಂಕಮ್ಮ ಒಲೆಯ ಸೌದೆ ಹಿಂದಕ್ಕೆಳೆ­ದಳು. ಇದನ್ನು ಅವಳೂ ಮೊದಲ ಸಲ ಕೇಳುತ್ತಿದ್ದಳೆಂದು ಮುಖ ಹೇಳುತ್ತಿತ್ತು.

ನಾನು ಬಂದದ್ದು ಅದೊಂದಕ್ಕೇ ಅಲ್ಲ ಎಂದೆ. ತಿಪ್ಪೇಸ್ವಾಮಿ ಹೇಳಿದ್ದನ್ನು ಹೇಳಿದೆ. ದಾಖಲೆ ಕೊಟ್ಟರೆ ಹಾವು ಹೋಗುತ್ತವೆ, ಪಂಪಾಪತಿ ಯಾವುದಕ್ಕಾಗಿ ಬಾಯಿ ಬಿಡದೆ ಸತ್ತನೋ ಅದೇ ಹೋಗುತ್ತದೆ. ಕೊಡದಿದ್ದರೆ ಕೊಂದವರು ಉಳಿಯುತ್ತಾರೆ, ಮೂರು ದಿನದಲ್ಲಿ ನನ್ನ ಮನೆಗೆ ಮತ್ತೆ ಬರುತ್ತಾರೆ. ಕಣ್ಣಿಂದ ನೋಡಿದವನು ಒಬ್ಬ ಮಾತಾಡಿದರೆ ಎರಡೂ ಆಗಬೇಕಿಲ್ಲ.

ಅವನು ಬೇಲಿಯ ನಾಯಿಯ ಕಡೆ ಕೈ ತೋರಿಸಿದ. ಅದೇ ಅವನ ಉತ್ತರ. ನಾನು ಒತ್ತಾಯ ಮಾಡಲಿಲ್ಲ. ಅಳಲೂ ಇಲ್ಲ. ಅಳು ಬಂದಿದ್ದರೆ ಅತ್ತುಬಿಡುತ್ತಿದ್ದೆನೇನೋ.

ನಾಯಿಯಿಂದ ಕಣ್ಣು ತೆಗೆದು ಅವನೇ ಕೇಳಿದ. "ನಾ ಹೋದ ಮ್ಯಾಲೆ ಭಾಳ ಹೊತ್ತು ಇದ್ರಾ?"

ಈ ಪ್ರಶ್ನೆಗೆ ಸುಳ್ಳು ಹೇಳಬಹುದಿತ್ತು. ಆಗಲೇ ಹೋದ ಎನ್ನಬಹುದಿತ್ತು. ಜಬೀನಾ ಆಗಿದ್ದರೆ ಹಾಗೇ ಹೇಳುತ್ತಿದ್ದಳು.

"ನಲವತ್ತಮೂರು ನಿಮಿಷ," ಎಂದೆ. "ಗೂಟ ತಟ್ಟಿ ನನ್ನನ್ನು ಕರೀತಿದ್ದ. ಕೆಳಗಿನ ರಸ್ತೆಗೆ ಅಲ್ಲಿಂದ ಇಪ್ಪತ್ತು ನಿಮಿಷ ಅಣ್ಣಾ. ನೀವು ಹೋಗಿ ಯಾರಿಗಾದರೂ ಹೇಳಿದ್ದರೆ ಬದುಕುತ್ತಿದ್ದನೋ ಇಲ್ಲವೋ ಗೊತ್ತಿಲ್ಲ. ಆದರೆ ಹೊತ್ತಿತ್ತು."

ಅವನು ಕೂತುಬಿಟ್ಟ. ಹೊಟ್ಟೆಗೆ ಗುದ್ದಿಸಿಕೊಂಡವನ ಹಾಗೆ, ಕಾಲು ಮಡಚಿ. ಹಾರೆ ಬೀಸಿದವನು ಒಬ್ಬನೇ ಅಲ್ಲ ಎಂದು ನನಗೆ ಆಗ ಅನಿಸಿತು. ನಾನೂ ಈಗ ಬೀಸಿದ್ದೆ.

ಸುಂಕಮ್ಮ ಎದ್ದಳು. ಒಲೆಯ ಪಕ್ಕದ ಕುಡುಗೋಲು ತೆಗೆದುಕೊಂಡು ಬೇಲಿಗೆ ಹೋಗಿ ನಾಯಿಯ ಹಗ್ಗ ಕೊಯ್ದಳು. ನಾಯಿ ಧೊಪ್ಪನೆ ಬಿತ್ತು. ಅದನ್ನು ಹಳೆಯ ಚೀಲದಲ್ಲಿ ಸುತ್ತುತ್ತ, ತಲೆ ಎತ್ತದೆ, ಗಂಡನಿಗೆ ಹೇಳಿದಳು.

"ಮೂವತ್ತು ವರ್ಷ ನೂರಾರು ಕುರಿ ಕಾದಿ. ಒಂದು ತೋಳ ಬಂದ್ರ ಒಬ್ಬನೇ ಓಡಿಸಿದಿ. ಎರಡು ನಾಯಿ ಬಂದ್ವು, ಬಾಟ್ಲಿ ಹಿಡ್ಕೊಂಡು ನಿಂತಿ. ಏಳು. ಇನ್ನ ಕುಂತ್ರ ನಾ ಹೋಗಿ ಹೇಳ್ತೀನಿ, ನೋಡಿದಾಕಿ ನಾನೇ ಅಂತೀನಿ. ಸುಳ್ಳು ಹೇಳಿ ನಾ ಜೈಲಿಗೆ ಹೋಗ್ತೀನಿ, ನೀ ರೊಟ್ಟಿ ಬಡ್ಕೊಂಡು ಮನ್ಯಾಗಿರು."

ಅವನು ಏಳಲು ಬಹಳ ಹೊತ್ತು ತೆಗೆದುಕೊಂಡ. ಎದ್ದು ಮಣ್ಣು ಕೊಡವಿಕೊಂಡ. ಕೋಲು ಹುಡುಕಿ ತೆಗೆದುಕೊಂಡ. ಆಮೇಲೆ ನನ್ನೆದುರು ಬಂದು ಎರಡೂ ಕೈ ಜೋಡಿಸಿ ಬೊಗಸೆಯೊಡ್ಡಿದ.

"ಕೊಡ್ರಿ."

ನಾನು ಗಂಟೆಯೊಳಗಿನ ಬಟ್ಟೆಯನ್ನು ಎಳೆದು ತೆಗೆದೆ. ಪಂಪಾಪತಿಯ ಹಳೆಯ ಕರವಸ್ತ್ರ. ಅದನ್ನು ನಾನಿಟ್ಟುಕೊಂಡೆ. ಗಂಟೆಯನ್ನು ಅವನ ಬೊಗಸೆಯಲ್ಲಿಟ್ಟೆ. ಅದು ಒಮ್ಮೆ ಸದ್ದು ಮಾಡಿತು, ರೊಪ್ಪದೊಳಗಿನ ಕುರಿಗಳೆಲ್ಲ ತಲೆ ಎತ್ತಿದವು.

ಅವನು ಟಗರಿನ ಕೊರಳಿಗೆ ಗಂಟೆ ಕಟ್ಟಿ, ಮುಳ್ಳಿನ ಬಾಗಿಲು ಸರಿಸಿದ. ಟಗರು ರೂಢಿಯಂತೆ ಗುಡ್ಡದ ಕಡೆ ತಿರುಗಿತು. ಅವನು ಕೋಲಿನಿಂದ ಅದರ ಮೂತಿ ಮುಟ್ಟಿ, ಠಾಣೆಯಿರುವ ಊರಿನ ರಸ್ತೆಯ ಕಡೆ ತಿರುಗಿಸಿದ. ಮಂದೆ ಹಿಂದೆ ಹೋಯಿತು. ಧೂಳಿನಲ್ಲಿ ಅವನು ಕಾಣದಾದ ಮೇಲೂ, ರಸ್ತೆಯ ತಿರುವಿನಾಚೆಯಿಂದಲೂ ಗಂಟೆ ಕೇಳಿಸಿತು.